ಬೊಲೋನ್ಯದ ಅಂಗಡಿಯಲ್ಲೊಂದು ಪಾಠ

ಉಣ್ಣುವ ಅನ್ನವು ಯಾರ ಕೈಯಿಂದ ಬಂದಿತು, ಅದರಲ್ಲಿ ಏನೇನು ಸೇರಿದೆ ಎಂಬುದನ್ನು ತಿಳಿದು ಉಣ್ಣಬೇಕೆಂಬುದು ನಮ್ಮ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಇಷ್ಟಲಿಂಗಕ್ಕೆ ಅರ್ಪಿಸಿ, ಪ್ರಸಾದವೆಂದು ಸ್ವೀಕರಿಸುವವರಿಗೆ ಇದು ಕೇವಲ ನಾಲಿಗೆಯ ಸಂಗತಿಯಲ್ಲ. ಅರ್ಪಿಸಲು ಯೋಗ್ಯವಲ್ಲದ್ದು ತಾಟಿನಲ್ಲಿ ಬರಬಾರದೆಂಬ ಎಚ್ಚರ ಅದರ ಹಿಂದೆ ಇದೆ. ಆದರೆ ತಿಳಿದು ಉಣ್ಣಬೇಕೆನ್ನುವವನಿಗೆ ತಿಳಿಸಿ ಕೊಡುವವನೊಬ್ಬ ಇರಬೇಕಲ್ಲವೇ? ಈ ಎರಡನೆಯ ಮಾತನ್ನು, ಹುಟ್ಟಿದಾರಭ್ಯ ಅಂಗಡಿಯಲ್ಲಿಯೇ ಬೆಳೆದ ನಾವು, ಅರುವತ್ತು ದಾಟಿದ ಮೇಲೆ ದೂರದ ಇಟಲಿ ದೇಶದ ಒಂದು ಅಂಗಡಿಯಲ್ಲಿ ನಿಂತು ಕಲಿಯಬೇಕಾಯಿತು. ಆ ಪಾಠವನ್ನು ಓದುಗ ಬಂಧುಗಳ ಮುಂದೆ ಇದ್ದಂತೆಯೇ ಇಡುತ್ತೇವೆ.

ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮ ತಂದೆಯವರು ಇಟ್ಟ ಅಂಗಡಿಯನ್ನು ನಾವು ನಡೆಸಿಕೊಂಡು ಬಂದಿದ್ದೇವೆ. ಅಂಗಡಿ ದೊಡ್ಡದಲ್ಲ. ಬಿಳಿಜೋಳದ ಕಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಕೆಂಪು ಖಾರ, ಹಪ್ಪಳ, ಸಂಡಿಗೆ, ಶಾವಿಗೆ, ಉಪ್ಪುಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ, ಇಂಡಿ ಕಡೆಯ ಲಿಂಬೆಯ ಉಪ್ಪಿನಕಾಯಿ, ತಿಕೋಟಾ ಸೀಮೆಯ ಮನೂಕ, ಇವಿಷ್ಟೇ ನಮ್ಮ ಸರಕು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಮಾತ್ರ ನಿಲ್ಲಲು ಜಾಗವಿರುವುದಿಲ್ಲ. ಈ ಸರಕಿನಲ್ಲಿ ಯಾವುದನ್ನೂ ನಾವು ಕೈಯಾರೆ ಮಾಡುವುದಿಲ್ಲ. ಪೇಟೆಯ ಓಣಿಗಳ ಹಾಗೂ ತಿಕೋಟಾ, ಬಬಲೇಶ್ವರ ಕಡೆಯ ಊರುಗಳ ತಾಯಂದಿರು ಮಾಡಿ ತಂದುಕೊಡುತ್ತಾರೆ. ನಾವು ತೂಗಿ ಮಾರುತ್ತೇವೆ. ಮಾಡುವವರಿಗೂ ಉಣ್ಣುವವರಿಗೂ ನಡುವೆ ನಿಂತವರು ನಾವು. ಆ ನಡುವಿನ ಸ್ಥಾನದ ಹೊಣೆ ಎಂಥದೆಂಬುದನ್ನು ಮಾತ್ರ ಬಹುಕಾಲ ಯೋಚಿಸಿರಲಿಲ್ಲ.

ನಮ್ಮ ಮಗ ಸಂಶೋಧನೆಯ ನಿಮಿತ್ತ ಇಟಲಿಯ ಬೊಲೋನ್ಯ ನಗರಕ್ಕೆ ಹೋದವನು, ಸಂಸಾರಸಮೇತನಾಗಿ ಅಲ್ಲಿಯೇ ನೆಲೆಸಿದ್ದಾನೆ. ಅಲ್ಲಿಯ ವಿಶ್ವವಿದ್ಯಾಲಯವು 1088ರಲ್ಲಿ ಆರಂಭವಾಯಿತೆಂದು ಹೇಳುತ್ತಾರೆ. ಯುರೋಪಿನಲ್ಲಿ ಅದೇ ಎಲ್ಲಕ್ಕೂ ಹಳೆಯದೆಂಬ ಕೀರ್ತಿ ಅದಕ್ಕಿದೆ. 2023ರ ಸೆಪ್ಟೆಂಬರಿನಲ್ಲಿ ಮೊಮ್ಮಗಳನ್ನು ನೋಡುವ ಆಸೆಯಿಂದ ನಾವಿಬ್ಬರೂ ಅಲ್ಲಿಗೆ ಹೊರಟೆವು. ನಮ್ಮ ಮನೆಯವರು ಎರಡು ದಿನ ಕುಳಿತು ರೊಟ್ಟಿ, ಹಿಂಡಿ, ಉಪ್ಪಿನಕಾಯಿಗಳನ್ನು ಕಟ್ಟಿದರು. ತುಪ್ಪದ ಡಬ್ಬಿಯನ್ನು ಮಾತ್ರ ಮಗ ಬೇಡವೆಂದ. ಹೊರದೇಶದಿಂದ ಬರುವ ಪ್ರಯಾಣಿಕರು ಮಾಂಸವನ್ನಾಗಲಿ, ಹಾಲಿನಿಂದಾದ ಪದಾರ್ಥವನ್ನಾಗಲಿ ತರಬಾರದೆಂದು ಯುರೋಪಿನ ಕಾಯಿದೆಯಂತೆ. ಹಿಂಡಿ ಹೋಗಲಡ್ಡಿಯಿಲ್ಲ, ಅದರ ಮೇಲೆ ಹಾಕಿಕೊಳ್ಳುವ ತುಪ್ಪಕ್ಕೆ ಅಡ್ಡಿ ಎಂದಾಗ ನಮ್ಮ ಮನೆಯವರಿಗೆ ನಗು ಬಂದಿತು, ಸಂಕಟವೂ ಆಯಿತು.

ಆ ತುಪ್ಪದ ಜಾಗಕ್ಕೆ ಬಂದದ್ದೇ ಚೀಸು. ಬಿಸಿ ಅನ್ನದ ಮೇಲೆ, ಬಿಸಿ ಸಾರಿನ ಮೇಲೆ ಸೊಸೆಯು ಹಳದಿ ಬಣ್ಣದ ಗಟ್ಟಿ ಗಡ್ಡೆಯೊಂದನ್ನು ತುರಿದು ಉದುರಿಸುತ್ತಿದ್ದಳು. ಹೆಸರು ಪಾರ್ಮಿಜಾನೊ ರೆಜ್ಜಾನೊ. ಉಪ್ಪುಪ್ಪಾಗಿ, ಹರಳು ಹರಳಾಗಿ, ಹುರಿದ ಕಾಯಿಯ ವಾಸನೆಯಂತೆ ಒಂದು ವಾಸನೆ. ಮೊದಲ ದಿನ ನಮ್ಮ ಮನೆಯವರು ಅನುಮಾನಿಸಿದರು. "ಇದರಾಗ ಏನೈತಿ ತಮ್ಮಾ?" ಎಂದು ಮಗನನ್ನು ಕೇಳಿದರು. "ಏನೂ ಇಲ್ಲವ್ವ, ಬರೇ ಹಾಲು, ಉಪ್ಪು" ಎಂದ. ನಮ್ಮ ಕಡೆ ಎಮ್ಮೆ ಈದಾಗ ಗಿಣ್ಣ ಮಾಡುವುದಿಲ್ಲವೇ, ಇದೂ ಒಂದು ಬಗೆಯ ಗಿಣ್ಣವೇ ಇರಬೇಕೆಂದು ಅವರು ಸಮಾಧಾನ ತಂದುಕೊಂಡರು. ಹತ್ತು ದಿನ ಕಳೆಯುವಷ್ಟರಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಈ ಚೀಸಿನ ತುರಿ ನಮ್ಮಿಬ್ಬರಿಗೂ ರೂಢಿಯಾಗಿಬಿಟ್ಟಿತು. ಊರಿಗೆ ಹೋಗುವಾಗ ಬೀಗರಿಗೆ, ನೆರೆಹೊರೆಯವರಿಗೆ ಒಂದೊಂದು ತುಂಡು ಒಯ್ಯೋಣವೆಂದು ಅವರೇ ಹೇಳಿದರು. ಹೀಗಾಗಿ ಒಂದು ಶನಿವಾರ ಎಲ್ಲರೂ ಹಳೆಯ ಪೇಟೆಗೆ ಹೊರಟೆವು.

ಬೊಲೋನ್ಯದ ನಡು ಊರಿನಲ್ಲಿ ಪಿಯಾತ್ಸಾ ಮಜ್ಜೋರೆ ಎಂಬ ದೊಡ್ಡ ಚೌಕವಿದೆ. ಅದರ ಮೂಡಲ ಬದಿಗೆ ಇಕ್ಕಟ್ಟಾದ ಓಣಿಗಳ ಪೇಟೆ. ಅದಕ್ಕೆ ಕ್ವಾದ್ರಿಲಾತೆರೊ ಎನ್ನುತ್ತಾರೆ. ಮಧ್ಯಯುಗದಿಂದ ಅಲ್ಲಿ ವ್ಯಾಪಾರ ನಡೆದಿದೆ. ಓಣಿಗಳ ಹೆಸರುಗಳೆಲ್ಲ ಕಸುಬಿನವು: ಒಂದು ಅಕ್ಕಸಾಲಿಗರ ಓಣಿ, ಒಂದು ಬಟ್ಟೆಯವರ ಓಣಿ, ಒಂದು ಹಳೆಯ ಮೀನುಪೇಟೆ. ಈಗ ಅಲ್ಲಿ ಹೆಚ್ಚಾಗಿ ತಿನ್ನುವ ಸರಕಿನ ಅಂಗಡಿಗಳಿವೆ. ಹಣ್ಣು, ಕಾಯಿಪಲ್ಯೆ, ಹೂವು, ಕೈಯಲ್ಲಿ ಹೊಸೆದ ಹಿಟ್ಟಿನ ಪದಾರ್ಥ. ನಡುನಡುವೆ ಸಲುಮೆರಿಯಾ ಎಂಬ ಅಂಗಡಿಗಳು.

ಈ ಸಲುಮೆರಿಯಾದ ಒಳಗೆ ಕಾಲಿಡುವುದು ನಮ್ಮಂಥವರಿಗೆ ಸುಲಭವಲ್ಲ. ಉಪ್ಪು ಸವರಿ, ತಿಂಗಳುಗಟ್ಟಲೆ ಗಾಳಿಗೆ ಒಣಗಿಸಿದ ಹಂದಿಯ ತೊಡೆಗಳು ಮೇಲಿನಿಂದ ಇಳಿಬಿದ್ದಿರುತ್ತವೆ. ಅದನ್ನು ಹೆಚ್ಚು ಬಣ್ಣಿಸುವುದು ನಮಗೂ ಒಗ್ಗದು, ಓದುಗರಿಗೂ ಹಿತವಲ್ಲ. ನಮ್ಮ ಮನೆಯವರು ಹೊಸ್ತಿಲಲ್ಲಿಯೇ ನಿಂತು ಮುಖ ತಿರುಗಿಸಿದರು. ನಾವು ಮಾತ್ರ ಅಂಗಡಿಕಾರನ ಕಣ್ಣಿನಿಂದ ನೋಡದೆ ಇರಲಾಗಲಿಲ್ಲ. ಸಲುಮೆ ಎಂಬ ಅವರ ಶಬ್ದವು ಉಪ್ಪೆಂಬ ಶಬ್ದದಿಂದಲೇ ಹುಟ್ಟಿದ್ದೆಂದು ಮಗ ತಿಳಿಸಿದಾಗ, ನಮ್ಮ ಉಪ್ಪಿನಕಾಯಿಯ ನೆನಪಾಯಿತು. ಅವರ ಮಾಂಸ ನಮಗೆ ವರ್ಜ್ಯ. ಆದರೆ ಕೆಡುವ ಪದಾರ್ಥವನ್ನು ಉಪ್ಪು, ಗಾಳಿ, ಕಾಲ ಈ ಮೂರರಿಂದ ಕೆಡದಂತೆ ಉಳಿಸುವ ಜಾಣ್ಮೆ ಎರಡೂ ಕಡೆ ಒಂದೇ. ತಿಕೋಟಾದ ತೋಟಗಳ ಬಳಿ ನೆರಳಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ದ್ರಾಕ್ಷಿ ಹರವಿ, ಎರಡು ವಾರ ಗಾಳಿಗೆ ಬಿಟ್ಟು ಮನೂಕ ಮಾಡುವವರಿಗೆ ಗಾಳಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮತ್ತೊಂದು ಸಂಗತಿಯೂ ಕುತೂಹಲ ಹುಟ್ಟಿಸಿತು. ಮೊರ್ತದೆಲ್ಲಾ ಎಂಬ ಆ ಊರಿನ ಹೆಸರುವಾಸಿ ಮಾಂಸದ ಪದಾರ್ಥದಲ್ಲಿ ಏನು ಸೇರಬೇಕು, ಅದನ್ನು ಯಾರು ಮಾಡಬೇಕು ಎಂದು 1661ರಲ್ಲಿಯೇ ಅಲ್ಲಿಯ ಧರ್ಮಾಧಿಕಾರಿ ಕಾರ್ಡಿನಲ್ ಫರ್ನೇಸೆ ಆಜ್ಞೆ ಹೊರಡಿಸಿದ್ದನು. ನಮ್ಮ ವಿಜಯಪುರದಲ್ಲಿ ಗೋಳಗುಮ್ಮಟ ಮುಗಿದು ಐದು ವರ್ಷಗಳಾಗಿದ್ದ, ಎರಡನೆಯ ಅಲಿ ಆದಿಲಶಾಹ ಆಳುತ್ತಿದ್ದ ಕಾಲವದು. ಮಾರುವವನು ತಾನು ಮಾರುವುದರ ಒಳಗೇನಿದೆ ಎಂಬುದಕ್ಕೆ ಉತ್ತರ ಕೊಡಬೇಕೆಂಬ ಕಟ್ಟು ಅಷ್ಟು ಹಳೆಯದು.

ಚೀಸಿನ ಕಡೆಗೆ ಬಂದೆವು. ಗಾಡಿಯ ಗಾಲಿಯಂತೆ ದುಂಡಗಿನ ಗಡ್ಡೆಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಒಂದೊಂದರ ತೂಕ ಹೆಚ್ಚುಕಡಿಮೆ ನಲವತ್ತು ಕಿಲೋ. ಒಂದಕ್ಕೆ ಸುಮಾರು 550 ಲೀಟರ್ ಹಾಲು ಬೇಕು. ಕನಿಷ್ಠ ಹನ್ನೆರಡು ತಿಂಗಳು ಮಾಗಿಸಿ, ಪರೀಕ್ಷಕರು ಸಣ್ಣ ಸುತ್ತಿಗೆಯಿಂದ ತಟ್ಟಿ ನಾದವನ್ನು ಕೇಳಿ ಒಳಗೆ ಬಿರುಕಿಲ್ಲವೆಂದು ಕಂಡ ಮೇಲೆಯೇ ಅದಕ್ಕೆ ಮುದ್ರೆ. ಎರಡು ವರ್ಷ, ಮೂರು ವರ್ಷ ಮಾಗಿದ್ದಕ್ಕೆ ಬೆಲೆ ಹೆಚ್ಚು. ಪಾರ್ಮಾ, ರೆಜ್ಜೊ ಎಮಿಲಿಯಾ, ಮೋದೆನಾ ಪ್ರಾಂತಗಳಲ್ಲಿ, ಬೊಲೋನ್ಯ ಹಾಗೂ ಮಾಂತೊವಾ ಪ್ರಾಂತಗಳ ಗೊತ್ತುಮಾಡಿದ ಭಾಗಗಳಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. 1934ರಿಂದ ತಯಾರಕರ ಸಂಘವೊಂದು ಅದನ್ನು ಕಾಯುತ್ತ ಬಂದಿದೆ. ನಮ್ಮ ಇಂಡಿಯ ಲಿಂಬೆಗೆ ಈಗ ದೊರೆತಿರುವ ಭೌಗೋಳಿಕ ಸೂಚಕ ಮಾನ್ಯತೆ ಇಂಥದೇ. ನಮ್ಮನ್ನು ಬೆರಗುಗೊಳಿಸಿದ್ದು ಆ ಗಡ್ಡೆಯ ತೊಗಟೆ. ಸುತ್ತಲೂ ಚುಕ್ಕೆಚುಕ್ಕೆಯಾಗಿ ಹೆಸರು ಒತ್ತಿರುತ್ತದೆ. ಜೊತೆಗೆ ಮಾಡಿದ ತಿಂಗಳು, ವರ್ಷ, ಮಾಡಿದ ಕಾರ್ಖಾನೆಯ ಸಂಖ್ಯೆ. ಯಾವ ಗಡ್ಡೆ ಕೆಟ್ಟರೂ ಯಾರ ಮನೆಯ ಬಾಗಿಲಿಗೆ ಹೋಗಿ ಕೇಳಬೇಕೆಂಬುದು ಅದರ ಮೈಮೇಲೆಯೇ ಇದೆ. ನಮ್ಮ ಅಂಗಡಿಯ ಹಿಂಡಿಯ ಪುಡಿಕೆಯ ಮೇಲೆ ಏನಿರುತ್ತದೆ ಎಂದು ಆಗ ಮನಸ್ಸಿನಲ್ಲೊಂದು ಪ್ರಶ್ನೆ ಸುಳಿಯಿತು. ಅಲ್ಲಿ ಏನೂ ಇರುತ್ತಿರಲಿಲ್ಲ.

ಅಂಗಡಿಯಲ್ಲಿ ಜನರ ಸಾಲಿತ್ತು. ನಮ್ಮ ಪಾಳಿ ಬಂದಾಗ ಮಗನು ಅರ್ಧರ್ಧ ಕಿಲೋದ ಆರು ತುಂಡು ಕೇಳಿದ. ಬಿಳಿಯ ಮೇಲಂಗಿ ತೊಟ್ಟ ಮುದುಕರೊಬ್ಬರು ಚಾಕು ಕೈಗೆತ್ತಿಕೊಂಡರು. ಹೊಸ್ತಿಲಲ್ಲಿ ನಿಂತಿದ್ದ ನಮ್ಮ ಮನೆಯವರನ್ನೂ, ಅವರ ಹಣೆಯ ವಿಭೂತಿಯನ್ನೂ ನೋಡಿ ಕೈ ತಡೆದರು. ಮಗನೊಡನೆ ಏನೋ ಮಾತಾಡಿದರು. ಮಗನ ಮುಖ ಸಣ್ಣದಾಯಿತು. ಏನೆಂದರು ಎಂದು ಕೇಳಿದೆವು. ಅವನು ಹೇಳಿದ್ದು ಇಷ್ಟು: "ಇವರು ಭಾರತದವರಲ್ಲವೆ, ಮಾಂಸ ತಿನ್ನದವರಲ್ಲವೆ ಅಂತ ಕೇಳ್ತಾರಪ್ಪಾ. ಹಾಗಿದ್ರ ಇದು ಅವರಿಗೆ ಆಗೂದಿಲ್ಲ ಅಂತಾರ. ಇದರಾಗ ಕರುವಿನ ಹೊಟ್ಟಿದು ಹೆಪ್ಪು ಇರ್ತದಂತ."

ಆ ಮುದುಕರಿಗೆ ಇದು ಹೇಗೆ ತಿಳಿಯಿತೆಂದು ಓದುಗರಿಗೆ ಆಶ್ಚರ್ಯವಾಗಬಹುದು. ಪೋ ನದಿಯ ಬಯಲಿನ ಹಸುವಿನ ಕೊಟ್ಟಿಗೆಗಳಲ್ಲಿ ಕೆಲವು ದಶಕಗಳಿಂದ ಪಂಜಾಬಿನ ಸಿಖ್ಖರು ಬಹು ಸಂಖ್ಯೆಯಲ್ಲಿ ದುಡಿಯುತ್ತಿದ್ದಾರೆ. ಇಟಲಿಯ ಹೆಸರಾಂತ ಚೀಸಿನ ಹಾಲನ್ನು ಕರೆಯುವ ಕೈಗಳಲ್ಲಿ ನಮ್ಮ ದೇಶದ ಕೈಗಳೂ ಇವೆ. ಅವರಲ್ಲಿ ಕೆಲವರು ಗಿರಾಕಿಗಳಾಗಿ ಬಂದು ಕೇಳಿದ್ದರಿಂದ ಮುದುಕರಿಗೆ ಈ ವಿಷಯ ಗೊತ್ತಾಗಿತ್ತು.

ಸಾಲಿನಲ್ಲಿ ಹಿಂದಿದ್ದವರು ಕಾಯುತ್ತಿದ್ದರು. ಮೂರು ಕಿಲೋ ಚೀಸಿನ ವ್ಯಾಪಾರ ಕೈತಪ್ಪುತ್ತಿತ್ತು. ಆದರೂ ಆ ಹಿರಿಯರು ಚಾಕು ಕೆಳಗಿಟ್ಟು, ಮಗನ ಬಾಯಿಂದ ನಮಗೆ ಎಲ್ಲವನ್ನೂ ತಿಳಿಸಿ ಹೇಳಿದರು. ಈ ಚೀಸಿಗೆ ಬೇಕಾದುವು ಮೂರೇ: ಹಾಲು, ಉಪ್ಪು, ಹೆಪ್ಪು. ಆ ಹೆಪ್ಪಿಗೆ ಅವರ ಭಾಷೆಯಲ್ಲಿ ಕಾಲ್ಯೊ ಎನ್ನುತ್ತಾರೆ. ತಾಯಿಯ ಹಾಲನ್ನೇ ಕುಡಿಯುವ ಎಳೆಗರುವಿನ ನಾಲ್ಕನೆಯ ಜಠರದಲ್ಲಿ ಹಾಲನ್ನು ಗಟ್ಟಿಮಾಡುವ ಒಂದು ಸತ್ತ್ವ ಇರುತ್ತದೆ. ಕೊಂದ ಕರುವಿನ ಜಠರದಿಂದ ಅದನ್ನು ತೆಗೆಯುತ್ತಾರೆ. ಈ ಚೀಸಿನ ಕಟ್ಟಳೆಯಲ್ಲಿಯೇ ಕರುವಿನ ಹೆಪ್ಪು ಬೇಕೆಂದು ಬರೆದಿದೆಯಾದ್ದರಿಂದ, ನಿಜವಾದ ಪಾರ್ಮಿಜಾನೊದಲ್ಲಿ ಅದು ಇಲ್ಲದಿರುವುದು ಸಾಧ್ಯವೇ ಇಲ್ಲ. ನಮ್ಮ ಮೊಸರಿಗೆ ನಿನ್ನೆಯ ಮೊಸರಿನ ಹನಿಯೇ ಹೆಪ್ಪು. ಎಲ್ಲ ಕಡೆಯೂ ಹಾಗೆಯೇ ಎಂದು ನಾವು ತಿಳಿದಿದ್ದೆವು.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಬಿಳಿಯ ಬಟ್ಟಲೊಂದನ್ನು ತೆಗೆದು ತೋರಿಸಿದರು. ಮಸ್ಕರ್ಪೋನೆ ಎಂದು ಅದರ ಹೆಸರು. ಹಾಲಿನ ಕೆನೆಯನ್ನು ಕಾಯಿಸಿ, ಲಿಂಬೆಹುಳಿಯಂಥ ಆಮ್ಲ ಹಾಕಿ ಗಟ್ಟಿಮಾಡಿ, ಬಟ್ಟೆಯಲ್ಲಿ ಸೋಸಿದ್ದು. ಕರುವಿನ ಹೆಪ್ಪಿನ ಸೋಂಕು ಅದಕ್ಕಿಲ್ಲ. ಆ ದೇಶದ ಕೆಲವು ಭಾಗಗಳಲ್ಲಿ ಕಾಡು ಮುಳ್ಳುಗಿಡದ ಹೂವಿನ ಎಸಳನ್ನು ನೆನೆಸಿದ ನೀರಿನಿಂದ ಕುರಿಹಾಲನ್ನು ಹೆಪ್ಪುಗಟ್ಟಿಸುವ ಹಳೆಯ ರೂಢಿಯೂ ಇದೆಯಂತೆ. ಹೊಸ ಬಟ್ಟಲನ್ನು, ಬೇರೆ ಚಮಚದಿಂದ, ಮಾಂಸ ಸೋಕದ ಕಡೆ ಇಟ್ಟು ಕಟ್ಟಿಕೊಟ್ಟರು. ಹಣವನ್ನು ಆ ಬಟ್ಟಲಿಗೆ ಮಾತ್ರ ತೆಗೆದುಕೊಂಡರು.

ಮನೆಗೆ ಬಂದ ಮೇಲೆ ನಮ್ಮ ಮನೆಯವರು ಮಾತಾಡಲಿಲ್ಲ. ಸ್ನಾನ ಮಾಡಿ ಪೂಜೆಗೆ ಕುಳಿತವರು ಎಂದಿಗಿಂತ ಹೆಚ್ಚು ಹೊತ್ತು ಕುಳಿತರು. ರಾತ್ರಿ ಒಂದು ಲೋಟ ಹಾಲು ಕುಡಿದರಷ್ಟೆ. ಹತ್ತು ದಿನ ಆ ಪದಾರ್ಥವನ್ನು ಇಷ್ಟಲಿಂಗಕ್ಕೆ ತೋರಿ ಉಂಡಿದ್ದೇವಲ್ಲ ಎಂಬುದು ಅವರನ್ನು ಕೊರೆಯುತ್ತಿತ್ತು. ಸೊಸೆ ಅತ್ತಳು. ಮಗನು ತಾಯಿಯ ಹತ್ತಿರ ಕುಳಿತು, "ನಾ ಬೇಕಂತ ಹೇಳಲಿಲ್ಲವ್ವ. ನನಗೂ ಗೊತ್ತಿರಲಿಲ್ಲ" ಎಂದ. ಆಗ ಅವರು ಹೇಳಿದ ಮಾತು ನಮ್ಮ ಕಿವಿಯಲ್ಲಿ ಇಂದಿಗೂ ಇದೆ.

"ತಿಳೀದ ಉಂಡದ್ದಕ್ಕ ದೇವರು ಸಿಟ್ಟಾಗೂದಿಲ್ಲ ತಮ್ಮಾ. ಅದನ್ನ ನಾ ಅವನ ಮುಂದ ಇಟ್ಟು ಮುಗಿಸೀನಿ. ಆದ್ರ ನಾ ಕೇಳಿದಾಗ ನೀ 'ಗೊತ್ತಿಲ್ಲ' ಅನಬೇಕಿತ್ತು. 'ಏನೂ ಇಲ್ಲ' ಅಂದಿ. ಕೇಳಲಾರದ 'ಇಲ್ಲ' ಅನ್ನೂದು ಸುಳ್ಳಲ್ಲ, ಖರೆ. ಆದ್ರ ಖರೇನೂ ಅಲ್ಲ."

ಮಗನಿಗೆ ಹೇಳಿದ ಆ ಮಾತು ನಮಗೆ ತಾಗಿತು. ಯಾಕೆಂದರೆ ಅಂಥದೇ ಒಂದು 'ಇಲ್ಲ'ವನ್ನು ನಾವು ಹನ್ನೆರಡು ವರ್ಷಗಳ ಹಿಂದೆ ನಮ್ಮ ಗಲ್ಲೆಯ ಮೇಲೆ ಕುಳಿತು ಹೇಳಿದ್ದೆವು.

ಅದು ಶ್ರಾವಣ ಮಾಸ. ಪೇಟೆಯ ಹಿರಿಯ ತಾಯಿಯೊಬ್ಬರು ಆ ತಿಂಗಳಿಡೀ ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿಡುವ ನೇಮದವರು. ಅಂಥವರಿಗಾಗಿಯೇ ಬಳ್ಳೊಳ್ಳಿ ಹಾಕದ ಶೇಂಗಾ ಹಿಂಡಿಯನ್ನು ಬೇರೆಯಾಗಿ ಮಾಡಿಸಿ ಇಡುತ್ತಿದ್ದೆವು. ಆ ದಿನ ಬಂದ ಚೀಲ ಹೊಸದು. "ಇದಕ್ಕ ಬಳ್ಳೊಳ್ಳಿ ಹಾಕ್ಯಾರೇನು?" ಎಂದು ಅವರು ಕೇಳಿದರು. ಗಿರಾಕಿಗಳ ಗದ್ದಲವಿತ್ತು. ಚೀಲ ಬಿಚ್ಚಿ ಮೂಸಿ ನೋಡಲೂ ಇಲ್ಲ, ಮಾಡಿದವರನ್ನು ಕೇಳಲೂ ಇಲ್ಲ. "ಇಲ್ಲರಿ ಅವ್ವಾರ, ನಿಶ್ಚಿಂತಿ ಒಯ್ಯಿರಿ" ಎಂದು ತೂಗಿ ಕೊಟ್ಟೆವು. ಮರುದಿನ ಹಿಂಡಿ ಮಾಡಿಕೊಡುವ ತಾಯಿ ಬಂದು, ಚೀಲ ಅದಲುಬದಲಾಗಿದೆ, ಕೊಡಬೇಡಿರೆಂದು ಹೇಳಿದರು. ಅವರ ಪ್ರಾಮಾಣಿಕತೆ ಅಲ್ಲಿಗೆ ಪೂರ್ಣವಾಯಿತು. ನಮ್ಮದು ಅಲ್ಲಿಂದ ಮುಂದೆ ಆರಂಭವಾಗಬೇಕಿತ್ತು. ನಾಲ್ಕು ಹೆಜ್ಜೆ ನಡೆದು ಹಿರಿಯರ ಮನೆಗೆ ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ಅಂಗಡಿಯ ಹೆಸರು ಕೆಟ್ಟೀತೆಂದು ಅಂಜಿದೆವು. ಹೇಳಿದರೆ ಅವರಿಗೆ ವ್ಯಥೆಯಾದೀತು, ಹೇಳದಿರುವುದೇ ಒಳ್ಳೆಯದೆಂದು ನಮ್ಮ ಮನಸ್ಸಿಗೆ ನಾವೇ ಸಮಾಧಾನ ಹೇಳಿಕೊಂಡೆವು. ಆ ಮೇಲೆ ಅವರು ನಮ್ಮ ಅಂಗಡಿಗೆ ಬರುವುದು ಕಡಿಮೆಯಾಯಿತು. ವಯಸ್ಸಾಯಿತೆಂದು ತಿಳಿದೆವು.

ಇಟಲಿಯ ಆ ಮುದುಕರ ಕಸುಬಿನಲ್ಲಿ ನಮಗೆ ಒಪ್ಪಿಗೆಯಾಗದ್ದು ಬಹಳ. ಅವರ ಅಂಗಡಿಯ ಅರ್ಧ ಸರಕನ್ನು ಕಣ್ಣೆತ್ತಿ ನೋಡಲು ನಮಗಾಗಲಿಲ್ಲ. ಹಾಗಿದ್ದೂ, ಪರದೇಶದ, ಪರಧರ್ಮದ, ಇನ್ನೊಮ್ಮೆ ಎಂದೂ ಬರದ ಗಿರಾಕಿಯ ನೇಮವನ್ನು ಅವರು ಕಾಯ್ದರು. ನಾವು ನಮ್ಮದೇ ಪೇಟೆಯ, ನಮ್ಮದೇ ಮತದ, ದಿನವೂ ಮುಖ ನೋಡುವ ತಾಯಿಯ ನೇಮವನ್ನು ಕಾಯಲಿಲ್ಲ. ಸರಕು ಶುದ್ಧವಾಗಿದ್ದ ಮಾತ್ರಕ್ಕೆ ಅಂಗಡಿ ಶುದ್ಧವಾಗುವುದಿಲ್ಲವೆಂಬುದು ಆ ರಾತ್ರಿ ತಿಳಿಯಿತು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಗಂಡನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ ಲಕ್ಕಮ್ಮ ಸಂತೋಷಪಡಲಿಲ್ಲ. ಅದೆಲ್ಲಿಂದ ಬಂದಿತೆಂದು ಕೇಳಿದಳು, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬಾ ಎಂದು ಕಳುಹಿದಳು. ಮನೆಗೆ ಬರುವ ಪದಾರ್ಥವನ್ನು ಕುರಿತು ಕೇಳುವ ಹಕ್ಕು, ಕೇಳುವ ಹೊಣೆ ಆ ಮನೆಯೊಡತಿಯದಾಗಿತ್ತು. ನಮ್ಮ ಮನೆಯಲ್ಲಿಯೂ ಆ ರಾತ್ರಿ ಕೇಳಿದವರು ಅವರೇ. ನಾವು ಹನ್ನೆರಡು ವರ್ಷ ಮುಚ್ಚಿಟ್ಟದ್ದನ್ನು ಅವರ ಮುಂದೆ ಹೇಳಿದೆವು. "ನನ್ನ ಮುಂದ ಯಾಕ ಹೇಳ್ತೀರಿ? ಹೇಳಬೇಕಾದವರು ಜೋರಾಪುರ ಪೇಟ್ಯಾಗ ಅದಾರಲ್ಲ" ಎಂದರು.

ಇಲ್ಲಿ ಓದುಗರಿಗೆ, ವಿಶೇಷವಾಗಿ ಮಕ್ಕಳನ್ನು ಪರದೇಶಕ್ಕೆ ಕಳುಹಿದ ಮನೆಯವರಿಗೆ, ಉಪಯೋಗಕ್ಕೆ ಬರುವ ನಾಲ್ಕು ಮಾತು ಹೇಳುವುದು ಉಚಿತ. ಹಾಲಿನಿಂದಾದದ್ದೆಲ್ಲ ನಮಗೆ ಸಲ್ಲುವಂಥದೆಂದು ಭಾವಿಸಬಾರದು. ಚೀಸಿನಲ್ಲಿ ಹೆಪ್ಪು ಯಾವುದೆಂದು ಕೇಳಬೇಕು. ಹುಳಿಯಿಂದ ಒಡೆಸಿದ ಪನೀರಿಗೆ ಈ ತೊಡಕಿಲ್ಲ. ಸೂಕ್ಷ್ಮಜೀವಿಗಳಿಂದ ಪಡೆದ ಹೆಪ್ಪು ಈಗ ಬಹಳ ಕಡೆ ಬಳಕೆಯಲ್ಲಿದೆ. ಕರುವಿನ ಜಠರದಲ್ಲಿರುವ ಸತ್ತ್ವವನ್ನೇ ಕರುವನ್ನು ಕೊಲ್ಲದೆ ಹುದುಗಿಸಿ ತಯಾರಿಸುವ ವಿಧಾನಕ್ಕೆ ಅಮೇರಿಕದಲ್ಲಿ 1990ರಲ್ಲಿ ಮಾನ್ಯತೆ ದೊರೆಯಿತು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇರಬೇಕೆಂಬ ಕಾಯಿದೆಯುಂಟು. ಇಟಲಿಯಲ್ಲಿ ಅಂಥ ಕಡ್ಡಾಯವಿಲ್ಲ. ಅಲ್ಲಿ ಪೊಟ್ಟಣದ ಮೇಲೆ ಕಾಲ್ಯೊ ಎಂದಷ್ಟೇ ಬರೆದಿದ್ದರೆ ಕೇಳದೆ ಕೊಳ್ಳಬಾರದು.

ಹಾಲನ್ನು ಹುಳಿಯಿಂದ ಒಡೆಸಿ ಗಟ್ಟಿಮಾಡುವ ವಿದ್ಯೆ ನಮ್ಮ ನೆಲಕ್ಕೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕಾದ ಹಾಲಿಗೆ ಹುಳಿ ಸೇರಿಸಿ ಒಡೆಸಿ, ಅದರಿಂದ ಸಿಹಿ ಮಾಡುವ ಕ್ರಮವನ್ನು ಹೇಳಿದೆ. ಬಸವಣ್ಣನವರು ಕಾಯಕಕ್ಕೂ ದಾಸೋಹಕ್ಕೂ ನೆಲೆ ಕಟ್ಟಿದ ಅದೇ ಕಲ್ಯಾಣದಲ್ಲಿ, ಅವರಿಗಿಂತ ಕೆಲವೇ ದಶಕಗಳ ಮುಂಚೆ. ಇನ್ನು ಇಟಲಿ ಮೂಲದ ವಲ್ಲೊಂಬ್ರೋಸ ಪಂಥದ ಕ್ರೈಸ್ತ ಸನ್ಯಾಸಿಗಳು ನಮ್ಮ ಬೆಂಗಳೂರಿನಲ್ಲಿಯೇ ಆ ದೇಶದ ಬಗೆಯ ಚೀಸುಗಳನ್ನು ತಯಾರಿಸುತ್ತಾರೆ. ಹೀಗೆ ಆ ಪದಾರ್ಥ ಇನ್ನು ಮುಂದೆ ನಮ್ಮ ಮಕ್ಕಳ ತಾಟಿಗೆ ದೂರದ್ದಲ್ಲ. ಬೇಡವೆಂದು ಹೆದರುವುದಕ್ಕಿಂತ, ಕೇಳಿ ತಿಳಿಯುವುದನ್ನು ಅವರಿಗೆ ಕಲಿಸುವುದು ಮೇಲು.

ಅಕ್ಟೋಬರಿನಲ್ಲಿ ಊರಿಗೆ ಮರಳಿದೆವು. ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವುದಕ್ಕೆ ಮೊದಲು ಆ ಹಿರಿಯರ ಮನೆಗೆ ಹೋದೆವು. ಎಂಬತ್ತು ದಾಟಿದ್ದಾರೆ; ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದರು. ಪಾದ ಮುಟ್ಟಿ ನಮಸ್ಕರಿಸಿ, ನಡೆದುದನ್ನೆಲ್ಲ ಹೇಳಿದೆವು. ಮಾತು ತಡವರಿಸಿತು. ಅವರು ಪೂರ್ತಿ ಕೇಳಿ ಹೀಗೆಂದರು:

"ನನಗ ಗೊತ್ತೈತಿ ತಮ್ಮಾ. ಬಾಯಾಗ ಇಟ್ಟ ಕೂಡಲೇ ತಿಳೀತು. ನಾಲಿಗಿಗೆ ಯಾರ ಹೇಳಬೇಕು? ಉಗುಳಿ ಬಾಯಿ ತೊಳಕೊಂಡೆ. ತಪ್ಪು ಯಾರಿಗೆ ಬಿಟ್ಟೈತಿ? ನಿಮ್ಮಪ್ಪನ ಮಗ, ಬಂದು ಹೇಳ್ತಾನಂತ ಆ ಶ್ರಾವಣ ತೀರೂತನಕ ಹಾದಿ ನೋಡಿದೆ."

ನಮಗೆ ಏನೂ ಹೇಳಲು ತೋಚಲಿಲ್ಲ. ಹನ್ನೆರಡು ವರ್ಷ ಅವರಿಂದ ಮುಚ್ಚಿಟ್ಟೆವೆಂದುಕೊಂಡದ್ದು ಅವರಿಗೆ ಮೊದಲ ದಿನವೇ ತಿಳಿದಿತ್ತು. ಮುಚ್ಚಿಟ್ಟದ್ದು ನಮ್ಮಿಂದ ನಾವೇ. ಅವರು ಸೊಸೆಯನ್ನು ಕರೆದು ಚಹಾ ಮಾಡಿಸಿದರು. ಎದ್ದು ಹೊರಟಾಗ, "ಬರೂ ಶ್ರಾವಣಕ್ಕ ಪಾವ ಕಿಲೋ ಹಿಂಡಿ ಕಳಿಸು. ಕೇಳಿ ಕಳಿಸು" ಎಂದರು.

ಅಂದಿನಿಂದ ನಮ್ಮ ಅಂಗಡಿಯಲ್ಲಿ ಒಂದು ವಹಿ ಇಟ್ಟಿದ್ದೇವೆ. ಸರಕು ತಂದುಕೊಡುವ ಪ್ರತಿಯೊಬ್ಬ ತಾಯಿಯನ್ನೂ ಕೇಳಿ, ಏನೇನು ಹಾಕಿದ್ದಾರೆಂಬುದನ್ನು ತಾರೀಖಿನೊಡನೆ ಬರೆಯುತ್ತೇವೆ. ಪುಡಿಕೆಯ ಮೇಲೆ ಆ ವಹಿಯ ಸಂಖ್ಯೆ ಇರುತ್ತದೆ. ಆರಂಭದಲ್ಲಿ ಕೆಲವರಿಗೆ ಇದು ಅಪನಂಬಿಕೆಯಂತೆ ತೋರಿತು. ಈಗ ತಾವಾಗಿಯೇ ಹೇಳಿ ಬರೆಸುತ್ತಾರೆ. ಕೇಳತೊಡಗಿದ ಮೇಲೆ ನಮಗೇ ತಿಳಿಯದಿದ್ದ ಸಂಗತಿಗಳು ಹೊರಬಂದವು. ಹಪ್ಪಳಕ್ಕೆ ಹಾಕುವ ಹಿಂಗಿನ ಡಬ್ಬಿಯಲ್ಲಿ ಹಿಂಗಿನೊಡನೆ ಮೈದಾ ಹಿಟ್ಟೂ ಬೆರೆತಿರುತ್ತದೆ; ಧಾನ್ಯ ಬಿಟ್ಟು ಉಪವಾಸ ಮಾಡುವವರಿಗೆ ಅದನ್ನು ಹೇಳಬೇಕು. ಮನೂಕಕ್ಕೆ ಬಂಗಾರದ ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುವುದುಂಟು. ಬೇಗ ಒಣಗಲೆಂದು ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಹಾಗೂ ಡಿಪ್ಪಿಂಗ್ ಆಯಿಲಿನ ದ್ರಾವಣದಲ್ಲಿ ಅದ್ದಿ ತೆಗೆಯುವುದುಂಟು. ಗಂಧಕ ಸೋಂಕದ ಮನೂಕದ ಬಣ್ಣ ಕಂದು. ಕೇಳಿದವರಿಗೆ ಎರಡನ್ನೂ ತೋರಿಸಿ, ಇದು ಹೀಗೆ, ಇದು ಹೀಗೆ ಎಂದು ಹೇಳುತ್ತೇವೆ. ಕೆಲವರು ಬಂಗಾರದ ಬಣ್ಣದ್ದನ್ನೇ ಒಯ್ಯುತ್ತಾರೆ. ಒಯ್ಯಲಿ, ತಿಳಿದು ಒಯ್ಯುತ್ತಾರೆ.

ಗೊತ್ತಿಲ್ಲದ್ದನ್ನು ಕೇಳಿದರೆ "ಗೊತ್ತಿಲ್ಲರಿ, ಕೇಳಿ ನಾಳಿಗೆ ಹೇಳ್ತೀವಿ" ಎನ್ನುತ್ತೇವೆ. ಅರುವತ್ತು ವರ್ಷ ನಾಲಿಗೆಗೆ ಬಾರದ ಮಾತು ಅದು. ಅದರಿಂದ ಕೆಲವು ಗಿರಾಕಿಗಳು ಆ ದಿನ ಬರಿಗೈಯಲ್ಲಿ ಹೋಗುತ್ತಾರೆ. ಮರುದಿನ ಬಂದವರೇ ಹೆಚ್ಚು.

ಮಗನು ಈಗ ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತಾಡುವಾಗ, ತಾನು ಕೊಂಡ ಪದಾರ್ಥದ ಪೊಟ್ಟಣವನ್ನು ತಾಯಿಗೆ ಓದಿ ಹೇಳುತ್ತಾನೆ. ಆ ಭಾಷೆ ಅವರಿಗೆ ತಿಳಿಯದು. ಆದರೂ ಕೊನೆಯವರೆಗೂ ಕೇಳಿ, ತಿಳಿಯದ ಶಬ್ದ ಬಂದಲ್ಲಿ "ಅದೇನು ತಮ್ಮಾ?" ಎನ್ನುತ್ತಾರೆ. ಅವನು ಗೊತ್ತಿದ್ದರೆ ಹೇಳುತ್ತಾನೆ. ಇಲ್ಲದಿದ್ದರೆ, ಅಂಗಡಿಗೆ ಹೋಗಿ ಕೇಳಿ ಬರುತ್ತೇನೆ ಎನ್ನುತ್ತಾನೆ.

ಹೋದ ಶ್ರಾವಣದಲ್ಲಿ ಆ ಹಿರಿಯರ ಮನೆಗೆ ಪಾವ ಕಿಲೋ ಶೇಂಗಾ ಹಿಂಡಿಯನ್ನು ನಾವೇ ಒಯ್ದು ಕೊಟ್ಟೆವು. ಕೇಳಿಯೇ ಒಯ್ದೆವು.